ಎಂಟು ಹೆಜ್ಜೆಗೆ ಐದು ಗಜ

ಟೆಕ್ಸಾಸ್‌ನ ಆಗಸ್ಟ್ ಬಿಸಿಲನ್ನು ಊರಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. 40 ಡಿಗ್ರಿ ಅಂದರೆ ರಾಯಚೂರಿನ ಗೆಳೆಯ ನಕ್ಕುಬಿಡುತ್ತಾನೆ. ನಗಲಿ. ಆದರೆ ರಾಯಚೂರಿನಲ್ಲಿ ಆ ಬಿಸಿಲಿಗೆ ಯಾರೂ ಮಕ್ಕಳನ್ನು ಡಾಂಬರು ಹಾಕಿದ ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ನಿಲ್ಲಿಸಿ, ಕುತ್ತಿಗೆಗೆ ವಾದ್ಯ ನೇತುಹಾಕಿ, "ಈಗ ಹಿಮ್ಮುಖವಾಗಿ ನಡೆಯಿರಿ, ತುದಿಗಾಲಲ್ಲಿ" ಅನ್ನುವುದಿಲ್ಲ. ಇಲ್ಲಿ ಅನ್ನುತ್ತಾರೆ. ಅದೂ ಶಾಲೆ ಶುರುವಾಗುವ ಮೊದಲೇ, ರಜೆಯಲ್ಲಿ. ಬೆಳಗ್ಗೆ ಹೊರಗೆ, ಮಧ್ಯಾಹ್ನ ಎ.ಸಿ. ಇರುವ ಬ್ಯಾಂಡ್ ಹಾಲ್‌ನಲ್ಲಿ, ಸಂಜೆ ಮತ್ತೆ ಹೊರಗೆ. ಪ್ರತಿ ಮಗುವಿನ ಪಕ್ಕದಲ್ಲೂ ಒಂದು ಗ್ಯಾಲನ್ ನೀರಿನ ಜಗ್. ಹೆಚ್ಚುಕಡಿಮೆ 3.8 ಲೀಟರ್. ಅದನ್ನು ಮಧ್ಯಾಹ್ನದೊಳಗೆ ಖಾಲಿ ಮಾಡಬೇಕು ಅಂತ ಕಟ್ಟಪ್ಪಣೆ.

ನಾವಿರುವುದು ಡಾಲಸ್‌ನ ಉತ್ತರದ ಕಡೆ. ಮಗಳು ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಆಲ್ಟೋ ಸ್ಯಾಕ್ಸೊಫೋನ್ ನುಡಿಸುತ್ತಾಳೆ. ಈಗ ಜೂನಿಯರ್, ನಮ್ಮ ಲೆಕ್ಕದಲ್ಲಿ ಫಸ್ಟ್ ಪಿ.ಯು.ಸಿ. ಬ್ಯಾಂಡ್‌ನಲ್ಲಿ ಒಟ್ಟು 200ಕ್ಕೂ ಹೆಚ್ಚು ಮಕ್ಕಳು. ನಾನು ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವನು. ವಾರದ ಕೊನೆಗೆ ಪ್ಲೈವುಡ್ ಕೊಯ್ದು, ಚಕ್ರ ಕೂರಿಸಿ, ಮೈದಾನಕ್ಕೆ ಮೆಟ್ಟಿಲುಗಳನ್ನೂ ಬಾಗಿಲುಗಳನ್ನೂ ತಳ್ಳುವವನು. ಬ್ಯಾಂಡ್ ಷೋಗೆ ಬೇಕಾದ ಇಂಥ ರಂಗಸಜ್ಜಿಕೆಗೆ ಪ್ರಾಪ್ ಅಂತ ಹೆಸರು, ನಮ್ಮಂಥವರಿಗೆ ಇಲ್ಲಿ ಪ್ರಾಪ್ ಡ್ಯಾಡ್ ಅನ್ನುತ್ತಾರೆ. ಸಂಬಳವಿಲ್ಲ, ಟೀಶರ್ಟ್ ಕೊಡುತ್ತಾರೆ. ಅದಕ್ಕೂ ದುಡ್ಡು ನಾವೇ ಕೊಡಬೇಕು.

ಊರಿಗೆ ಫೋನ್ ಮಾಡಿದಾಗಲೆಲ್ಲ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ನನ್ನ ಅಪ್ಪ ಪುತ್ತೂರಿನ ಹತ್ತಿರ ಇದ್ದಾರೆ. ಮೊಮ್ಮಗಳು ಸ್ಯಾಕ್ಸೊಫೋನ್ ಹಿಡಿದದ್ದು ಅವರಿಗೆ ಬಹಳ ಖುಷಿ. ನಮ್ಮ ದಕ್ಷಿಣ ಕನ್ನಡದಲ್ಲಿ ಸ್ಯಾಕ್ಸೊಫೋನ್ ಅಂದರೆ ಹೊರಗಿನ ವಾದ್ಯವೇ ಅಲ್ಲ. ದೇವಸ್ಥಾನದ ಜಾತ್ರೆಯಲ್ಲಿ ಉಂಟು, ಮದುವೆ ಮಂಟಪದಲ್ಲಿ ಉಂಟು. ಎಲ್ಲ ಕದ್ರಿ ಗೋಪಾಲನಾಥರ ಪುಣ್ಯ. ಬಂಟ್ವಾಳ ತಾಲೂಕಿನ ಸಜಿಪಮೂಡದವರು, ನಾಗಸ್ವರದ ಮನೆತನ. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ ಅದರಲ್ಲಿ ಕರ್ನಾಟಕ ಸಂಗೀತ ನುಡಿಸಲು ಹೊರಟವರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ವರೆಗೂ ಹೋದರು. ಒಂದು ಬ್ಯಾಂಡ್ ವಾದ್ಯ ಇಷ್ಟು ದೂರ ಬರಬಹುದು ಅಂತ ತೋರಿಸಿದವರು ಅವರು. ಅಪ್ಪನಿಗೆ ಮೊಮ್ಮಗಳೂ ಒಂದು ದಿನ ವೇದಿಕೆ ಮೇಲೆ ಕೂತು ಕಲ್ಯಾಣಿ ನುಡಿಸಬೇಕು ಅಂತ ಆಸೆ. ನಾನು ಅವರಿಗೆ ಮೈದಾನದ ವಿಡಿಯೋ ಕಳಿಸಿದೆ. ನೋಡಿ ಫೋನ್ ಮಾಡಿದರು.

"ಎಂತ ಮಾರಾಯ ಇದು? ಮಕ್ಕಳನ್ನು ಓಡಿಸುವುದಾ, ಸಂಗೀತ ಕಲಿಸುವುದಾ? ಇದರಲ್ಲಿ ನಮ್ಮ ಪುಟ್ಟಿ ಯಾರು?"

ಕೊನೆಯ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಸ್ಟೇಡಿಯಂನ ಮೇಲಿನ ಸಾಲಿಂದ ತೆಗೆದ ವಿಡಿಯೋ ಅದು. ಎಲ್ಲರದ್ದೂ ಒಂದೇ ಉಡುಪು, ಒಂದೇ ಟೋಪಿ, ಕೂದಲೆಲ್ಲ ಟೋಪಿಯೊಳಗೆ. ಸ್ವಂತ ಅಪ್ಪನಿಗೇ ಗುರುತು ಸಿಗದ ಹಾಗೆ ಮಾಡುವುದೇ ಅದರ ಉದ್ದೇಶ.

ಇದು ನಡೆಯುವ ಬಗೆಯನ್ನು ಸ್ವಲ್ಪ ಹೇಳುತ್ತೇನೆ. ಅಮೆರಿಕನ್ ಫುಟ್‌ಬಾಲ್ ಮೈದಾನ 100 ಗಜ ಉದ್ದ. ಪ್ರತಿ 5 ಗಜಕ್ಕೊಂದು ಬಿಳಿ ಗೆರೆ. ಬ್ಯಾಂಡ್ ಮಕ್ಕಳು ಆ 5 ಗಜವನ್ನು ಸರಿಯಾಗಿ 8 ಹೆಜ್ಜೆಯಲ್ಲಿ ದಾಟಬೇಕು. ಒಂದು ಹೆಜ್ಜೆ ಅಂದರೆ 22.5 ಇಂಚು. ಆರಡಿ ಹುಡುಗನಿಗೂ ಅಷ್ಟೇ, ನನ್ನ ಮಗಳಂಥ ಕುಳ್ಳಿಗೂ ಅಷ್ಟೇ. ಆಗಸ್ಟ್‌ನ ಮೊದಲ ದಿನಗಳು ಪೂರ್ತಿ ಇದಕ್ಕೇ ಹೋಗುತ್ತವೆ. ಹಿಮ್ಮಡಿ ಮೊದಲು ಊರಬೇಕು, ಬೆರಳು ಮೇಲೆತ್ತಿರಬೇಕು, ಪಾದ ಮೆಲ್ಲಗೆ ಉರುಳಬೇಕು. ಸೊಂಟದ ಮೇಲೆ ಏನೂ ಕುಲುಕಬಾರದು. ಕುಲುಕಿದರೆ ಊದುವ ಸ್ವರವೂ ಕುಲುಕುತ್ತದೆ. ಹಿಮ್ಮುಖ ನಡೆಯುವಾಗ ಮಾತ್ರ ತುದಿಗಾಲು.

ಆಮೇಲೆ ಡಾಟ್. ಪ್ರತಿ ಮಗುವಿಗೂ ಮೈದಾನದ ಮೇಲೆ ತನ್ನದೇ ಒಂದು ಬಿಂದು. ಅದರ ವಿಳಾಸ ಹೀಗಿರುತ್ತದೆ: ಎಡಬದಿ, 45ರ ಗೆರೆಯಿಂದ 2 ಹೆಜ್ಜೆ ಒಳಗೆ, ಮುಂದಿನ ಹ್ಯಾಷ್‌ನಿಂದ (ಮೈದಾನದ ಉದ್ದಕ್ಕೂ ಇರುವ ಗಿಡ್ಡ ಗೆರೆಗಳ ಸಾಲು) 6 ಹೆಜ್ಜೆ ಹಿಂದೆ. ಅಲ್ಲಿಂದ 16 ಎಣಿಕೆಯಲ್ಲಿ ಇನ್ನೊಂದು ಬಿಂದು. ಅಲ್ಲಿಂದ 12ರಲ್ಲಿ ಮತ್ತೊಂದು. ಒಂದು ಷೋನಲ್ಲಿ ಇಂಥ ಹತ್ತಾರು ಬಿಂದುಗಳು, ದೊಡ್ಡ ಬ್ಯಾಂಡ್‌ಗಳಲ್ಲಿ ನೂರರ ಹತ್ತಿರ. ಹಿಂದೆ ಮಕ್ಕಳು ಇದನ್ನೆಲ್ಲ ಸಣ್ಣ ಪುಸ್ತಕದಲ್ಲಿ ಬರೆದು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದರು. ಈಗ ಫೋನಿನಲ್ಲೇ ಆ್ಯಪ್ ಇದೆ. ನಮ್ಮಮ್ಮ ಅಂಗಳದಲ್ಲಿ ಚುಕ್ಕಿ ಇಡುವಾಗ ಒಂದು ಚುಕ್ಕಿ ತಪ್ಪಿದರೆ ಇಡೀ ರಂಗೋಲಿ ಸೊಟ್ಟಗಾಗುತ್ತಿತ್ತು. ಇಲ್ಲಿ ಚುಕ್ಕಿಗಳಿಗೆ ಕಾಲಿದೆ, ಬಾಯಿದೆ, ಹದಿಹರೆಯವೂ ಇದೆ. ಅಷ್ಟೇ ವ್ಯತ್ಯಾಸ.

ಬಿಂದುವಿನಿಂದ ಬಿಂದುವಿಗೆ ಹೋಗುವಾಗ ಸುಮ್ನೆ ನಡೆದರೆ ಸಾಲದು. ಕಾಲು ಒಂದು ಕಡೆ, ಎದೆ ಮತ್ತು ವಾದ್ಯ ಮಾತ್ರ ಯಾವಾಗಲೂ ಪ್ರೇಕ್ಷಕರ ಕಡೆ. ಪಕ್ಕದವರ ಜೊತೆ ಗೆರೆ ಸರಿ ಇರಬೇಕು. ಬಾಯಲ್ಲಿ ಸ್ವರ. ಕಣ್ಣು ಡ್ರಮ್ ಮೇಜರ್, ಅಂದರೆ ಮುಂದೆ ನಿಂತು ಕೈಯಲ್ಲಿ ತಾಳ ತೋರಿಸುವ ವಿದ್ಯಾರ್ಥಿಯ, ಕೈ ಮೇಲೆ. ಬಾಯಿಪಾಠ ಸಂಗೀತ, ಬಾಯಿಪಾಠ ಬಿಂದು. ಟ್ಯೂಬಾ ಅನ್ನುವ ಭಾರೀ ಹಿತ್ತಾಳೆ ವಾದ್ಯ ಹೊತ್ತ ಮಕ್ಕಳನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಬಾವುಟ ಬೀಸಿ ಕುಣಿಯುವ ಕಲರ್ ಗಾರ್ಡ್ ಮಕ್ಕಳು ಮರದ ಕೋವಿಯನ್ನು ಗಾಳಿಗೆ ಎಸೆದು, ತಾವೂ ಒಂದು ಸುತ್ತು ತಿರುಗಿ, ಕೆಳಗೆ ಬರುವಾಗ ಹಿಡಿಯುತ್ತಾರೆ. ಬೆರಳುಗಳಿಗೆಲ್ಲ ಟೇಪ್. ಓಬೋ ಮತ್ತು ಬಸೂನ್ ನುಡಿಸುವವರಿಗೆ ಮಾತ್ರ ಕಷ್ಟ. ಆ ವಾದ್ಯಗಳು ಮೈದಾನಕ್ಕೆ ಆಗಿಬರುವುದಿಲ್ಲ. ಹಾಗಾಗಿ ಅವರು ಮೂರು ತಿಂಗಳು ತಾಳ ಹೊಡೆಯುತ್ತಾರೆ, ಇಲ್ಲ ಪಿಟ್‌ನಲ್ಲಿ, ಅಂದರೆ ಮೈದಾನದ ಮುಂದಿನ ಅಂಚಿನಲ್ಲಿ ನಿಂತೇ ಬಾರಿಸುವವರ ಜಾಗದಲ್ಲಿ, ಮರಿಂಬಾ (ಕೋಲಿನಿಂದ ಬಾರಿಸುವ ಮರದ ಪಟ್ಟಿಗಳ ವಾದ್ಯ) ಪಕ್ಕ ಏನಾದರೂ ಬಾರಿಸುತ್ತಾರೆ. ಫ್ರೆಂಚ್ ಹಾರ್ನ್‌ನವರಿಗೆ ಮೆಲೋಫೋನ್ ಕೊಡುತ್ತಾರೆ, ಯಾಕೆಂದರೆ ಹಾರ್ನ್‌ನ ಬಾಯಿ ಹಿಂದಕ್ಕೆ, ಮೆಲೋಫೋನ್‌ನದ್ದು ಮುಂದಕ್ಕೆ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಮೈದಾನದ ಅಗಲ 160 ಅಡಿ, ಸುಮಾರು 49 ಮೀಟರ್. ಶಬ್ದ ಸೆಕೆಂಡಿಗೆ 340 ಮೀಟರ್ ಚಿಲ್ಲರೆ ಹೋಗುತ್ತದೆ. ಅಂದರೆ ಹಿಂದಿನ ಅಂಚಿನ ಡ್ರಮ್ ಸದ್ದು ಮುಂದಿನ ಅಂಚಿಗೆ ಬರಲು ಸುಮಾರು 0.14 ಸೆಕೆಂಡ್ ಬೇಕು. ಏನು ಮಹಾ ಅನಿಸಬಹುದು. ಆದರೆ ನಿಮಿಷಕ್ಕೆ 160 ಬೀಟ್ ಓಡುವಾಗ ಒಂದು ಬೀಟ್‌ಗೆ ಸಿಗುವುದೇ 0.375 ಸೆಕೆಂಡ್. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಹಿಂದೆ ನಿಂತವರು ಮುಂದಿನ ಮರಿಂಬಾ ಕೇಳಿಕೊಂಡು ನುಡಿಸಿದರೆ ಕೆಟ್ಟಿತು. ಅದು ಅವರ ಕಿವಿಗೆ ಬೀಳುವಾಗಲೇ ತಡ, ಅವರ ಸದ್ದು ಪ್ರೇಕ್ಷಕರಿಗೆ ಮುಟ್ಟುವಾಗ ಎರಡು ಪಟ್ಟು ತಡ. ಅದಕ್ಕೇ ನಿಯಮ: ಹಿಂದಿನವರು ಡ್ರಮ್ ಮೇಜರ್ ಕೈ ನೋಡಬೇಕು, ಮುಂದಿನವರು ಹಿಂದಿನವರನ್ನು ಕೇಳಿಸಿಕೊಂಡು ನುಡಿಸಬೇಕು. ಮಗಳು ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಿದ್ದಳು. ಅಲ್ಲಿ ಟೀಚರ್ ಹೇಳುತ್ತಿದ್ದದ್ದು ಒಂದೇ: ಕಣ್ಣು ಮುಚ್ಚು, ಕಿವಿ ತೆರೆ, ಶ್ರುತಿ ಬಿಡಬೇಡ. ಇಲ್ಲಿ "ನಿನ್ನ ಕಿವಿ ನಿನಗೆ ಸುಳ್ಳು ಹೇಳುತ್ತದೆ, ಕೈ ನೋಡು" ಅಂತ ಕಿರುಚುತ್ತಾರೆ. ಮೊದಲ ವರ್ಷ ಅವಳು ಅತ್ತದ್ದು ಬಿಸಿಲಿಗಲ್ಲ, ಇದಕ್ಕೆ.

ಡ್ರಮ್‌ಲೈನ್ ಕಡೆ ಹೋದರೆ ಮಾತ್ರ ನಮಗೆ ಊರಿಗೆ ಬಂದ ಹಾಗಾಗುತ್ತದೆ. ಆ ಹುಡುಗರು ಏಟುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾರೆ. ಪ್ಯಾರಾಡಿಡಲ್, ಫ್ಲ್ಯಾಮ್, ಡ್ರ್ಯಾಗ್. ರುಡಿಮೆಂಟ್ ಅಂತ 40 ಪಾಠಗಳಿವೆ, ಎಲ್ಲವನ್ನೂ ನಿಧಾನಕ್ಕೆ ಶುರು ಮಾಡಿ ವೇಗ ಏರಿಸಬೇಕು. ಮೃದಂಗ ಕಲಿತವರಿಗೆ ಇದೇನು ಹೊಸದಲ್ಲ. ಮಗಳು ಒಮ್ಮೆ ಅವರ ಎದುರು ತಕಧಿಮಿ ತಕಜುಣು ಹೇಳಿ ತೋರಿಸಿದಳಂತೆ. ಒಂದು ವಾರ ಬಸ್ಸಿನಲ್ಲಿ ಅದೇ.

ಶುಕ್ರವಾರ ರಾತ್ರಿ ಫುಟ್‌ಬಾಲ್. ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಫುಟ್‌ಬಾಲ್ ಯಾವ ಮಟ್ಟಕ್ಕಿದೆ ಅಂದರೆ, ನಮ್ಮ ಪಕ್ಕದ ಆಲನ್ ಊರು 2012ರಲ್ಲಿ 6 ಕೋಟಿ ಡಾಲರ್ ಖರ್ಚು ಮಾಡಿ 18,000 ಜನ ಕೂರುವ ಸ್ಟೇಡಿಯಂ ತೆರೆಯಿತು. ಹೈಸ್ಕೂಲ್ ಮಕ್ಕಳಿಗೆ! ಬ್ಯಾಂಡ್ ಅಲ್ಲಿ ಹೋಗುವುದು ಆಟಗಾರರನ್ನು ಹುರಿದುಂಬಿಸಲಿಕ್ಕೆ. ಟಚ್‌ಡೌನ್ ಆದರೆ ಶಾಲೆಯ ಹಾಡು, ಎದುರಾಳಿ ತಪ್ಪಿದರೆ ಡ್ರಮ್. ಹಾಫ್‌ಟೈಮ್‌ನಲ್ಲಿ ಮಾತ್ರ ಮೈದಾನ ಇವರದ್ದು. ಆ ಹೊತ್ತಿಗೆ ಸರಿಯಾಗಿ ಅರ್ಧ ಜನ ನಾಚೋಸ್ ತರಲು ಎದ್ದು ಹೋಗುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಮಕ್ಕಳಿಗೆ ಏನೂ ಅನಿಸುವುದಿಲ್ಲ, ಯಾಕೆಂದರೆ ಹಾಫ್‌ಟೈಮ್ ಮುಗಿದ ಮೇಲೆ ಮೂರನೇ ಕ್ವಾರ್ಟರ್ ಅವರಿಗೆ ರಜೆ. ಆಗ ಅವರದ್ದೂ ನಾಚೋಸ್. ಆಟಕ್ಕೆ ಮುಂಚೆ ಕೊಡುವ ಊಟದಲ್ಲಿ ಮೊದಲೆಲ್ಲ ಚಿಕನ್ ಸ್ಯಾಂಡ್‌ವಿಚ್ ಬಿಟ್ಟರೆ ಚಿಪ್ಸ್. ನನ್ನ ಹೆಂಡತಿ ಮತ್ತು ಇಬ್ಬರು ಗುಜರಾತಿ ಅಮ್ಮಂದಿರು ಸೇರಿ ಊಟದ ಕಮಿಟಿಗೆ ಸೇರಿಕೊಂಡರು. ಈಗ ಬೀನ್ಸ್ ಬರಿಟೊ ಬರುತ್ತದೆ. ಅಮೆರಿಕದಲ್ಲಿ ಪ್ರಜಾಪ್ರಭುತ್ವ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಕರೆಯುವ ಹೋಮ್‌ಕಮಿಂಗ್ ವಾರದ ಸೇವಂತಿಗೆಯನ್ನೂ ಹೇಳಿಬಿಡುತ್ತೇನೆ. ಟೆಕ್ಸಾಸ್‌ನಲ್ಲಿ ಮಾತ್ರ ಈ ಪದ್ಧತಿ ಇಷ್ಟು ಜೋರು. ಪ್ಲೇಟಿನಷ್ಟು ದೊಡ್ಡ ಬಟ್ಟೆ ಸೇವಂತಿಗೆ, ಅದಕ್ಕೆ ಮೊಣಕಾಲವರೆಗೆ ರಿಬ್ಬನ್, ಗಂಟೆ, ಪುಟ್ಟ ಗೊಂಬೆ, ಕೆಲವರದ್ದರಲ್ಲಿ ಲೈಟು. ಅದನ್ನು ಎದೆಗೆ ಸಿಕ್ಕಿಸಿಕೊಂಡು ಮಕ್ಕಳು ಶಾಲೆಗೆ ಹೋಗುತ್ತಾರೆ. ಫೋಟೋ ನೋಡಿದ ಅಮ್ಮ, "ಇದು ನಮ್ಮ ರಥಕ್ಕೆ ಕಟ್ಟುವುದಲ್ವಾ?" ಅಂದರು.

ಸೈನ್ಯದ ಬ್ಯಾಂಡ್‌ಗಳಿಂದ ಹುಟ್ಟಿ, ಕಾಲೇಜು ಫುಟ್‌ಬಾಲ್ ಮೈದಾನಕ್ಕೆ ಬಂದು ಬೆಳೆದದ್ದು ಇದು. 1907ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡ್ ನೇರ ಸಾಲು ಮುರಿದು ಮೈದಾನದಲ್ಲಿ ಇಂಗ್ಲಿಷಿನ 'ಪಿ' ಅಕ್ಷರದ ಆಕಾರದಲ್ಲಿ ನಿಂತಿತು. ಅಲ್ಲಿಂದ ಶುರು. ನಮ್ಮಲ್ಲೂ ಸೈನ್ಯದ ಬ್ಯಾಂಡ್ ಬಂತು, ಆದರೆ ಬೇರೆ ದಾರಿ ಹಿಡಿಯಿತು. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಇವತ್ತಿಗೂ ದಸರೆಯಲ್ಲಿ ಪೊಲೀಸ್ ಬ್ಯಾಂಡ್ ಅದೇ ಕ್ಲ್ಯಾರಿನೆಟ್, ಸ್ಯಾಕ್ಸೊಫೋನ್ ಹಿಡಿದು ಕೃತಿಗಳನ್ನು ನುಡಿಸುತ್ತದೆ. ನಮ್ಮವರು ವಾದ್ಯವನ್ನು ರಾಗದ ಕಡೆ ಎಳೆದರು, ಇವರು ಚಿತ್ರದ ಕಡೆ ಎಳೆದರು.

ಎಷ್ಟರ ಮಟ್ಟಿಗೆ ಎಳೆದರು ಅನ್ನುವುದಕ್ಕೆ ನಮ್ಮ ಗೋಡೌನ್ ನೋಡಬೇಕು. ಕಳೆದ ವರ್ಷದ ಕನ್ನಡಿಗಳು, ಅದರ ಹಿಂದಿನ ವರ್ಷದ ಬಾಗಿಲುಗಳು, ಎಲ್ಲಿಗೂ ಹೋಗದ ಮೆಟ್ಟಿಲುಗಳು. ಷೋ ಅಂದಮೇಲೆ ಒಂದು ವಿಷಯ ಇರಬೇಕು. ಅದನ್ನು ಹೊರಗಿನ ವಿನ್ಯಾಸಗಾರರು ದುಡ್ಡು ತೆಗೆದುಕೊಂಡು ಮಾಡಿಕೊಡುತ್ತಾರೆ. ಸ್ಪರ್ಧೆಗೆ ಹೋಗಿ ಇಡೀ ದಿನ ಕೂತು ನೋಡಿದರೆ ಹತ್ತರಲ್ಲಿ ಆರು ಷೋ ಕತ್ತಲಿಂದ ಬೆಳಕಿಗೆ ಹೋಗುತ್ತವೆ. ಕಪ್ಪು ಬಟ್ಟೆಯಲ್ಲಿ ಶುರು, ಚಿನ್ನದ ಬಣ್ಣದ ಬಾವುಟದಲ್ಲಿ ಮುಕ್ತಾಯ. ತಮಸೋಮಾ ಜ್ಯೋತಿರ್ಗಮಯಕ್ಕೆ ಯಾರಾದರೂ ರಾಯಲ್ಟಿ ಕೇಳುವಂತಿದ್ದರೆ ಇಷ್ಟರಲ್ಲಿ ಶ್ರೀಮಂತರಾಗುತ್ತಿದ್ದರು. ನನ್ನ ದೂರು ಅದಲ್ಲ. ಒಂದು ಪೂರ್ತಿ ಹಾಡನ್ನು ನೆಟ್ಟಗೆ ನುಡಿಸುವುದೇ ಕಡಿಮೆಯಾಗಿದೆ. ಇಲ್ಲಿ ನಾಲ್ಕು ಸಾಲು, ಅಲ್ಲಿ ಎಂಟು ಸಾಲು, ನಡುವೆ ಸ್ಪೀಕರಿನಲ್ಲಿ ಯಾರೋ ಪಿಸುಗುಟ್ಟುತ್ತಾರೆ. ಮನೆಗೆ ಬಂದ ಮೇಲೆ ಗುನುಗಲು ಏನೂ ಉಳಿಯುವುದಿಲ್ಲ. ಮಗಳ ಎದುರು ಹೀಗೆ ಅಂದರೆ, "ಅಪ್ಪ, ನೀನು ಸುಮ್ನೆ ಬಾಗಿಲು ತಳ್ಳು" ಅನ್ನುತ್ತಾಳೆ.

ದುಡ್ಡಿನ ವಿಷಯವೂ ಇದೆ. ಶಾಲೆ ಕೊಡುವುದು ಸಾಲುವುದಿಲ್ಲ. ಮಿಕ್ಕಿದ್ದನ್ನು ಬೂಸ್ಟರ್ ಕ್ಲಬ್, ಅಂದರೆ ಅಪ್ಪ ಅಮ್ಮಂದಿರು, ಹೊಂದಿಸಬೇಕು. ಅದಕ್ಕೆ ಪ್ರತಿ ಮನೆಯಿಂದ ಫೀಸು, ತಿಂಡಿ ಅಂಗಡಿ, ಕಾರು ತೊಳೆಯುವುದು. ಎಲ್ಲಕ್ಕಿಂತ ವಿಚಿತ್ರ, ಹಾಸಿಗೆ ಮಾರಾಟ. ಹೌದು, ಮಲಗುವ ಹಾಸಿಗೆ. ಒಂದು ಭಾನುವಾರ ಶಾಲೆಯ ಜಿಮ್ ತುಂಬ ಹಾಸಿಗೆ ಹಾಕಿ ಮಾರುತ್ತಾರೆ, ಬಂದ ಲಾಭದಲ್ಲಿ ಬ್ಯಾಂಡ್‌ಗೆ ಪಾಲು. ರಸ್ತೆ ಬದಿಯಲ್ಲಿ ಮಕ್ಕಳು ಬೋರ್ಡ್ ಹಿಡಿದು ಕುಣಿಯುತ್ತಿರುತ್ತಾರೆ. ನಮ್ಮ ಆಫೀಸಿನ ಗೆಳೆಯನಿಗೆ ನಾನೇ ಒಂದು ಕ್ವೀನ್ ಸೈಜ್ ಮಾರಿದ್ದೇನೆ. ಇದೆಲ್ಲ ತಮಾಷೆ ಅನಿಸಿದರೂ ಒಂದು ಮಾತು ನಿಜ. ಹೀಗೆ ದುಡ್ಡು ಎತ್ತಬಲ್ಲ ಊರುಗಳ ಬ್ಯಾಂಡೇ ಮುಂದೆ ಹೋಗುತ್ತದೆ. ವಾರಕ್ಕೊಮ್ಮೆ ಖಾಸಗಿ ಪಾಠ, ಸ್ವಂತ ವಾದ್ಯ, ಮಧ್ಯಾಹ್ನ ಮೂರಕ್ಕೆ ಬಂದು ಪ್ರಾಪ್ ತಳ್ಳಬಲ್ಲ ಅಪ್ಪಂದಿರು. ಎರಡು ಪಾಳಿ ದುಡಿಯುವ ಮನೆಯ ಮಗು ಎಷ್ಟೇ ಚೆನ್ನಾಗಿ ಊದಲಿ, ಅದರ ಶಾಲೆಗೆ ಇಷ್ಟು ಪ್ಲೈವುಡ್ ಎಲ್ಲಿಂದ ಬರಬೇಕು?

ಹೊತ್ತು ಇನ್ನೊಂದು ರಗಳೆ. ಟೆಕ್ಸಾಸ್‌ನ ಶಾಲಾ ಸ್ಪರ್ಧೆಗಳನ್ನೆಲ್ಲ ನಡೆಸುವುದು ಯು.ಐ.ಎಲ್. ಎಂಬ ಸಂಸ್ಥೆ, 1910ರಷ್ಟು ಹಳೆಯದು. ಅವರ ನಿಯಮದ ಪ್ರಕಾರ ಶಾಲೆಯ ಹೊತ್ತಿನ ಹೊರಗೆ ವಾರಕ್ಕೆ 8 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ. ಕೇಳಲು ಚೆನ್ನಾಗಿದೆ. ಬಸ್ಸಿನ ಹೊತ್ತು, ಶುಕ್ರವಾರದ ಆಟದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಅದೆಲ್ಲ ಸೇರಿಸಿದರೆ ನಮ್ಮ ಮನೆಯಲ್ಲಿ ಅಕ್ಟೋಬರ್ ಅನ್ನುವ ತಿಂಗಳೇ ಇರುವುದಿಲ್ಲ. ಗೊಂಬೆ ಕೂರಿಸುವುದು ಹೆಂಡತಿ ಒಬ್ಬಳೇ. ಆಯುಧ ಪೂಜೆಗೆ ಸ್ಯಾಕ್ಸೊಫೋನ್‌ಗೆ ಕುಂಕುಮ ಹಚ್ಚೋಣ ಅಂದರೆ ವಾದ್ಯ ಶಾಲೆಯಲ್ಲಿ. ಕನ್ನಡ ಸಂಘದ ರಾಜ್ಯೋತ್ಸವ ಇಟ್ಟುಕೊಳ್ಳುವ ಶನಿವಾರವೇ ಯಾವುದಾದರೊಂದು ಸ್ಪರ್ಧೆ ಬಂದು ಬೀಳುತ್ತದೆ. ಸಂಗೀತದ ಪಾಠ ನಿಂತದ್ದೂ ಇದಕ್ಕೇ. ಪಿ.ಇ. ಕ್ಲಾಸಿನ ಬದಲಿಗೆ ಮಾರ್ಚಿಂಗ್ ಬ್ಯಾಂಡ್ ತೋರಿಸಬಹುದು ಅನ್ನುವುದೊಂದೇ ಲಾಭ. ಆ ಬಿಸಿಲಲ್ಲಿ ನಡೆದವರಿಗೆ ಅದನ್ನೂ ಕೊಡದಿದ್ದರೆ ಅನ್ಯಾಯ.

ಹಾಗಾದರೆ ಯಾಕೆ ಇದರಲ್ಲಿದ್ದೇವೆ? ಒಂದು ಪ್ರಸಂಗ ಹೇಳುತ್ತೇನೆ.

ಟೆಕ್ಸಾಸ್‌ನಲ್ಲಿ 1984ರಿಂದ ಒಂದು ಕಾನೂನಿದೆ. ಪಾಸಾಗದಿದ್ದರೆ ಆಡುವಂತಿಲ್ಲ. ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಆ ಮಗು ಕೆಲವು ವಾರ ಯಾವ ಸ್ಪರ್ಧೆಗೂ ಇಳಿಯುವಂತಿಲ್ಲ. ಫುಟ್‌ಬಾಲಿಗೂ ಅದೇ, ಬ್ಯಾಂಡಿಗೂ ಅದೇ. ಒಂದು ವರ್ಷ ಸ್ಪರ್ಧೆ ಹತ್ತಿರ ಬಂದಾಗ ಸ್ಯಾಕ್ಸೊಫೋನ್ ಸಾಲಿನ ಒಬ್ಬ ಹುಡುಗ ಕೆಮಿಸ್ಟ್ರಿಯಲ್ಲಿ ಕೆಳಗೆ ಬಿದ್ದ. ಫುಟ್‌ಬಾಲಿನಲ್ಲಿ ಒಬ್ಬ ಹೊರಗಾದರೆ ಬೆಂಚಿನಿಂದ ಇನ್ನೊಬ್ಬ ಬರುತ್ತಾನೆ. ಬ್ಯಾಂಡಿನಲ್ಲಿ ಬೆಂಚೇ ಇಲ್ಲ. ಅವನ ಬಿಂದು ಅವನದ್ದು. ಅವನಿಲ್ಲದೆ ಅಭ್ಯಾಸಕ್ಕೆ ಇಳಿದಾಗ ನಾನು ಮೇಲಿನ ಸಾಲಿನಲ್ಲಿದ್ದೆ. ಅವನು ನುಡಿಸುತ್ತಿದ್ದ ಸ್ವರ ಇಲ್ಲ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ವೃತ್ತ ತಿರುಗುವಾಗ ಅದರಲ್ಲಿ ಒಂದು ತೂತು. ಹಲ್ಲು ಬಿದ್ದ ಬಾಯಿಯನ್ನು ಮರೆಸಲು ಆಗುತ್ತದಾ? ಎಲ್ಲರ ಕಣ್ಣೂ ಅಲ್ಲಿಗೇ. ಅವನು ಅಷ್ಟೇನೂ ಒಳ್ಳೆಯ ವಾದಕನಲ್ಲ. ಮಗಳೇ ಎಷ್ಟೋ ಸಲ ಗೊಣಗಿದ್ದಳು. ಆ ವಾರ ಪೂರ್ತಿ ಅವಳೂ ಇನ್ನೂ ಮೂವರೂ ಸೇರಿ ರಾತ್ರಿ ವಿಡಿಯೋ ಕಾಲಿನಲ್ಲಿ ಅವನಿಗೆ ಮೋಲ್ ಲೆಕ್ಕ ಹೇಳಿಕೊಟ್ಟರು. ಯಾರೂ ಹೇಳಿರಲಿಲ್ಲ.

ನಾನು ಓದಿದ ಶಾಲೆಯಲ್ಲಿ ಹಿಂದೆ ಬಿದ್ದವನು ಹಿಂದೆಯೇ. ಅವನು ಬಿದ್ದರೆ ನನ್ನ ರ‍್ಯಾಂಕ್ ಒಂದು ಮೇಲೇರುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ನಾವು ಬೆಳೆದದ್ದೇ ಎದ್ದು ಕಾಣಬೇಕು ಅನ್ನುವ ಲೆಕ್ಕದಲ್ಲಿ. ಮಕ್ಕಳನ್ನೂ ಹಾಗೇ ಬೆಳೆಸುತ್ತಿದ್ದೇವೆ. ಸ್ಪೆಲ್ಲಿಂಗ್ ಬೀ, ಗಣಿತ, ಭರತನಾಟ್ಯ ರಂಗಪ್ರವೇಶ, ಎಲ್ಲದರಲ್ಲೂ ನಡುವೆ ನಿಂತವರು ಒಬ್ಬರೇ. ಇಲ್ಲಿ ಬ್ಯಾಂಡ್ ಟೀಚರ್ ಮಗಳಿಗೆ ಕೊಟ್ಟ ದೊಡ್ಡ ಹೊಗಳಿಕೆ ಏನು ಗೊತ್ತಾ? "ಇವತ್ತು ನಿನ್ನ ಸದ್ದು ನನಗೆ ಕೇಳಲೇ ಇಲ್ಲ." ಅವಳ ಸ್ವರ ಪಕ್ಕದವರ ಸ್ವರದಲ್ಲಿ ಕರಗಿತ್ತು ಅಂತ ಅರ್ಥ. ಅವಳು ಮನೆಗೆ ಕುಣಿಯುತ್ತ ಬಂದಳು. ನಾನು ಅದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಭಜನೆಯಲ್ಲಿ ಹಾಗೆ ಉಂಟಲ್ಲ, ಒಬ್ಬನ ಧ್ವನಿ ಎದ್ದು ಕೇಳಿದರೆ ಅದು ಭಜನೆ ಅಲ್ಲ" ಅಂದರು. ಅಷ್ಟರಲ್ಲಿ ಅವರಿಗೆ ವಿಷಯ ಹಿಡಿತಕ್ಕೆ ಸಿಕ್ಕಿತ್ತು. ಕಲ್ಯಾಣಿಯ ಆಸೆ ಮಾತ್ರ ಬಿಟ್ಟಿಲ್ಲ.

ಒಬ್ಬೊಬ್ಬರೇ ಎದ್ದು ಕಾಣುವ ಜಾಗ ಬೇರೆ ಇದೆ. ಮಾರ್ಚಿಂಗ್ ಮುಗಿದು ಕುರ್ಚಿ ಮೇಲೆ ಕೂತು ನುಡಿಸುವ ಕಾಲ ಬಂದ ಮೇಲೆ ಆಲ್-ರೀಜನ್, ಆಲ್-ಸ್ಟೇಟ್ ಅಂತ ಆಡಿಷನ್. ಪರದೆಯ ಹಿಂದೆ ತೀರ್ಪುಗಾರರು, ಮಗುವಿಗೆ ಹೆಸರಿಲ್ಲ, ನಂಬರ್ ಮಾತ್ರ. ಗೆದ್ದವರು ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ನುಡಿಸುತ್ತಾರೆ. ನಮ್ಮ ದೇಸಿ ಅಪ್ಪ ಅಮ್ಮಂದಿರಿಗೆ ಇದರ ಮೇಲೇ ಕಣ್ಣು. ನನಗೂ ಇದೆ, ಸುಳ್ಳು ಯಾಕೆ.

ಮಾರ್ಚಿಂಗ್ ಸ್ಪರ್ಧೆಯಲ್ಲಿ ಮೊದಲು ರೀಜನ್. ಅಲ್ಲಿ 1ರಿಂದ 5ರವರೆಗೆ ದರ್ಜೆ, 1 ಸಿಕ್ಕಿದರೆ ಮುಂದೆ ಏರಿಯಾ. ಏರಿಯಾದಲ್ಲಿ ಗೆದ್ದವರು ರಾಜ್ಯಮಟ್ಟದ ಸ್ಪರ್ಧೆಗೆ, ಸ್ಯಾನ್ ಆಂಟೋನಿಯೋದ ಅಲಾಮೊಡೋಮ್‌ಗೆ. ಆ ಒಳಾಂಗಣಕ್ಕೆ ಕಾಲಿಡುವುದೇ ಇಲ್ಲಿನ ಮಕ್ಕಳ ಕನಸು. ಷೋ ಇರುವುದು ಹೆಚ್ಚೆಂದರೆ 8 ನಿಮಿಷ. ಅಷ್ಟಕ್ಕೆ ಆಗಸ್ಟ್‌ನಿಂದ ನಡೆದದ್ದು. ನಮಗೆ ಪ್ರಾಪ್ ಅಪ್ಪಂದಿರಿಗೆ ಇನ್ನೂ ಕಡಿಮೆ. ಗಡಿಯಾರ ಓಡುತ್ತಿರುವಾಗ ತಳ್ಳಿಕೊಂಡು ಒಳಗೆ ಓಡಬೇಕು, ಬ್ರೇಕ್ ಹಾಕಬೇಕು, ಮಾಯವಾಗಬೇಕು. ಮುಗಿದ ಕೂಡಲೇ ಮತ್ತೆ ಓಡಿ ಹೊರಗೆ ತಳ್ಳಬೇಕು. ಹೊತ್ತು ಮೀರಿದರೆ ಮಕ್ಕಳಿಗೆ ದಂಡ. ಒಂದು ಚಕ್ರ ಜಾಮ್ ಆದರೆ ನಲವತ್ತು ದಾಟಿದ ಆರು ಜನ ಸೇರಿ ಮೆಟ್ಟಿಲನ್ನು ಎತ್ತಿಕೊಂಡೇ ಓಡುತ್ತೇವೆ. ಮಕ್ಕಳ ಪ್ರದರ್ಶನವನ್ನು ನಾವು ನೋಡುವುದು ಪಕ್ಕದಿಂದ, ಪ್ಲೈವುಡ್ಡಿನ ಹಿಂಬದಿಯಿಂದ. ಸ್ಕ್ರೂ, ಮರಳಿನ ಚೀಲ, ಮತ್ತು ಆಚೆ ಓಡುವ ಬಿಳಿ ಶೂಗಳು.

ಕಳೆದ ಬಾರಿ ಏರಿಯಾದಲ್ಲಿ ಮಳೆ, ಮಿಂಚು. ಮಿಂಚು ಕಂಡರೆ ಮೈದಾನ ಖಾಲಿ ಮಾಡಿಸುತ್ತಾರೆ. ಮಕ್ಕಳು ಬಸ್ಸಿನಲ್ಲಿ ಉಡುಪು ಹಾಕಿಕೊಂಡೇ ಕೂತರು. ಕಡೆಗೂ ಇಳಿದು ನುಡಿಸಿದಾಗ ಹುಲ್ಲು ಒದ್ದೆ. ಯಾರೂ ಬೀಳಲಿಲ್ಲ. ರಾತ್ರಿ ಫಲಿತಾಂಶಕ್ಕೆ ಡ್ರಮ್ ಮೇಜರ್‌ಗಳು ಮಾತ್ರ ಮೈದಾನದಲ್ಲಿ ಸಾಲಾಗಿ ನಿಲ್ಲುತ್ತಾರೆ. ಉಳಿದವರು ಮೇಲೆ. ಫೈನಲ್‌ಗೆ ಹೋಗುವ ಬ್ಯಾಂಡ್‌ಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ. ಹೆಸರು ಬಂದರೂ ಕೂಗುವಂತಿಲ್ಲ, ಬಾರದಿದ್ದರೂ ಮುಖ ಬಾಡುವಂತಿಲ್ಲ, ಅಂತ ಟೀಚರ್ ಮೊದಲೇ ಹೇಳಿದ್ದರು. ನಮ್ಮ ಹೆಸರು ಬರಲಿಲ್ಲ. ಮಕ್ಕಳು ಗೆದ್ದವರಿಗೆ ಚಪ್ಪಾಳೆ ತಟ್ಟಿದರು, ಕೈ ಕೆಂಪಾಗುವ ಹಾಗೆ. ಸಾಲಾಗಿ ಬಸ್ಸಿನತ್ತ ನಡೆದರು. ಬಾಗಿಲು ಮುಚ್ಚಿದ ಮೇಲೆ ಅತ್ತರಂತೆ. ನಾವು ಅಪ್ಪಂದಿರು ಟ್ರಕ್ಕಿನ ಹಿಂದೆ ನಿಂತು ಬಾಗಿಲುಗಳನ್ನು ಕಟ್ಟುತ್ತಿದ್ದೆವು. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ಈ ಬಾಗಿಲು ಮುಂದಿನ ವರ್ಷಕ್ಕೆ ಬೇಡ ತಾನೆ? ನನ್ನ ಗ್ಯಾರೇಜಿಗೆ ಸರಿ ಹೋಗುತ್ತದೆ" ಅಂದರು. ಆಗ ನಗು ಬಂತು.

"ಇದರಿಂದ ಕಾಲೇಜು ಸೀಟಿಗೆ ಉಪಯೋಗ ಇದೆಯಾ?" ಎಲ್ಲ ಕನ್ನಡದವರೂ ಕೇಳುವ ಪ್ರಶ್ನೆ. ಅರ್ಜಿಯಲ್ಲಿ ಒಂದು ಸಾಲು ಬರೆಯಬಹುದು. ಆದರೆ ಇವಳ ಥರ ಬರೆಯುವವರು ಈ ರಾಜ್ಯದಲ್ಲೇ ಎಷ್ಟು ಸಾವಿರ ಮಕ್ಕಳೋ. ಆ ಲೆಕ್ಕದಲ್ಲಿ ಸೇರಿಸುವುದಾದರೆ ಬೇಡ, ಅಷ್ಟು ಹೊತ್ತಿನಲ್ಲಿ ಬೇರೆ ಏನಾದರೂ ಮಾಡಿಸಬಹುದು.

ಮೊನ್ನೆ ನಮ್ಮ ಬೀದಿಗೆ ಬೆಂಗಳೂರಿನಿಂದ ಹೊಸ ಕುಟುಂಬ ಬಂತು. ಮಗ ಆರನೇ ಕ್ಲಾಸ್. ಇಲ್ಲಿ ವಾದ್ಯ ಹಿಡಿಯುವುದು ಆರರಲ್ಲೇ. ಶಾಲೆಯಲ್ಲಿ ಒಂದು ಸಂಜೆ ಎಲ್ಲ ವಾದ್ಯಗಳನ್ನೂ ಊದಿಸಿ, ತುಟಿ, ಹಲ್ಲು, ಬೆರಳು ನೋಡಿ, ಯಾವುದು ಹೊಂದುತ್ತದೆ ಅಂತ ಹೇಳುತ್ತಾರೆ. ಮಗಳಿಗೆ ಕೊಳಲು ಬೇಕಿತ್ತು, ಸದ್ದು ಹೊರಟದ್ದು ಸ್ಯಾಕ್ಸೊಫೋನ್‌ನಲ್ಲಿ. ಆ ಹುಡುಗನಿಗೆ ಟ್ಯೂಬಾ ಹೇಳಿದ್ದಾರಂತೆ. ಅವನ ಅಮ್ಮ ಗಾಬರಿಯಾಗಿ ಬಂದಿದ್ದರು.

"ಟ್ಯೂಬಾ ತೆಗೊಳ್ಳಲಾ ಬೇಡವಾ, ನೀವೇ ಹೇಳಿ. ಅಷ್ಟು ದೊಡ್ಡದು, ನಮ್ಮ ಕಾರಲ್ಲಿ ಹಿಡಿಯೋದೇ ಇಲ್ಲ."

"ತೆಗೊಳ್ಳಿ. ಟ್ಯೂಬಾದವರು ಯಾವಾಗಲೂ ಕಡಿಮೆ, ಶಾಲೆಯೇ ವಾದ್ಯ ಕೊಡುತ್ತೆ. ಆದರೆ ಹೈಸ್ಕೂಲಿಗೆ ಬಂದ ಮೇಲೆ ಬೇಸಿಗೆಯಲ್ಲಿ ಊರಿಗೆ ಹೋದರೆ ಜುಲೈ ಮುಗಿಯೋದರೊಳಗೆ ವಾಪಸ್ ಬರೋ ಹಾಗೆ ಟಿಕೆಟ್ ತೆಗೀರಿ."

"ಯಾಕೆ, ಸ್ಕೂಲ್ ಶುರುವಾಗೋದು ಆಗಸ್ಟ್ ಮಧ್ಯದಲ್ಲಿ ಅಲ್ವಾ?"

"ಸ್ಕೂಲ್ ಹೌದು" ಅಂದೆ. "ಅದಿರಲಿ, ನಿಮ್ಮ ಯಜಮಾನರಿಗೆ ಡ್ರಿಲ್ ಮಷೀನ್ ಹಿಡಿಯೋಕೆ ಬರುತ್ತಾ?"